ಅಟ್ಟದ ಮೇಲಿನ ಧ್ವನಿಸುರುಳಿ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ. ಹೊರಗೆ ಜಡಿಮಳೆ, ಒಳಗೆ ಚಾವಡಿಯಲ್ಲಿ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು. 1970ರ ದಶಕದ ಕೊನೆಯ ಹೊತ್ತಿಗೆ ಈ ಚಿತ್ರಕ್ಕೆ ಇನ್ನೊಂದು ವಸ್ತು ಸೇರಿಕೊಂಡಿತು. ಗಲ್ಫಿನಿಂದ ರಜೆಗೆ ಬಂದ ಮಗನೋ ಅಳಿಯನೋ ತಂದ ಟೂ-ಇನ್-ವನ್. ಅದನ್ನು ಭಾಗವತರ ಮುಂದೆ ಒಂದು ಮಣೆಯ ಮೇಲಿಟ್ಟು, ಕೆಂಪು ಗುಂಡಿ ಒತ್ತಿ, ಮನೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸುತ್ತಿದ್ದರು. ಮುಕ್ಕಾಲು ಗಂಟೆಗೊಮ್ಮೆ ಸುರುಳಿಯನ್ನು ಮಗುಚಿ ಹಾಕುವುದು ಅವನ ಕೆಲಸ. ಅವನು ತೂಕಡಿಸಿದನೋ, ಕೃಷ್ಣ ಕೇಳಿದ ಪ್ರಶ್ನೆಗೆ ಕರ್ಣ ಕೊಟ್ಟ ಉತ್ತರ ಸುರುಳಿಯಲ್ಲಿ ಇಲ್ಲ.

ಆ ಹುಡುಗನಿಗೆ ಈಗ ಐವತ್ತು ದಾಟಿದೆ. ಸುರುಳಿಗಳು ಬಿಸ್ಕತ್ತಿನ ಡಬ್ಬಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಅಟ್ಟ ಸೇರಿವೆ. ಮಂಗಳೂರಿನಲ್ಲಿ ಹಳೆಯ ಹಂಚಿನ ಮನೆ ಕೆಡವಿ ಫ್ಲ್ಯಾಟು ಏಳುವಾಗ ಅವು ಒಮ್ಮೆ ಕೆಳಗಿಳಿಯುತ್ತವೆ. ಮೇಲೆ ಬೂಸ್ಟು ಹಿಡಿದಿರುತ್ತದೆ, ಚೀಟಿಯ ಶಾಯಿ ಮಾಸಿ ‘2ನೇ ಭಾಗ’ ಎಂಬುದಷ್ಟೇ ಓದಲು ಸಿಗುತ್ತದೆ. ಯಾವುದರ ಎರಡನೇ ಭಾಗ, ಯಾರ ಅರ್ಥ, ಯಾರ ಪದ? ಹಾಕಿ ಕೇಳೋಣವೆಂದರೆ ಮನೆಯಲ್ಲಿ ಟೇಪ್‌ರೆಕಾರ್ಡರ್ ಇಲ್ಲ. ಗುಜರಿಯವನು ಬಾಗಿಲಲ್ಲಿ ನಿಂತಿದ್ದಾನೆ.

ಕೊಟ್ಟರೆ ಹೋಗುವುದೇನು ಎಂದು ಕೇಳಬಹುದು. ಯಕ್ಷಗಾನದ ಪ್ರಸಂಗಗಳೆಲ್ಲ ಪುಸ್ತಕವಾಗಿ ಅಚ್ಚಾಗಿವೆಯಲ್ಲ? ಅಚ್ಚಾಗಿರುವುದು ಭಾಗವತರು ಹಾಡುವ ಪದ್ಯ ಮಾತ್ರ. ಆ ಪದ್ಯದ ಮೇಲೆ ಅರ್ಥಧಾರಿ ಕಟ್ಟುವ ಮಾತು ಅಂದಂದಿಗೆ ಹುಟ್ಟುವಂಥದ್ದು, ಅದಕ್ಕೆ ಬರೆದಿಟ್ಟ ಪಾಠವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಒಂದೇ ಪಾತ್ರವನ್ನು ಬೇರೆ ಬೇರೆ ಎದುರಾಳಿಗಳ ಮುಂದೆ ಬೇರೆ ಬೇರೆಯಾಗಿ ಕಟ್ಟಿದವರು. ಇವತ್ತಿನ ವಿದ್ಯಾರ್ಥಿ ಅವರ ವಾದದ ಎಳೆ ಹಿಡಿಯಬೇಕಾದರೆ ಗ್ರಂಥಾಲಯದ ಕಪಾಟಿನಲ್ಲಿ ಹುಡುಕಿ ಮುಗಿಯುವುದಿಲ್ಲ, ಯಾರದೋ ಮನೆಯ ಸುರುಳಿಯನ್ನೇ ಕೇಳಬೇಕು. ಬಡಗುತಿಟ್ಟಿನ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ಅವರ ನಂತರ ಹುಟ್ಟಿದ ಮಕ್ಕಳು ಅವರ ಪದ ಹೇಳುವ ಧಾಟಿಯನ್ನು ಅನುಕರಿಸುತ್ತಿದ್ದರೆ ಅದು ಕ್ಯಾಸೆಟ್ಟಿನ ಉಪಕಾರ.

ಕಾಗದಕ್ಕೂ ಧ್ವನಿಗೂ ಇರುವ ಅಂತರವನ್ನು ಮಂಗಳೂರಿನಷ್ಟು ಚೆನ್ನಾಗಿ ತೋರಿಸುವ ಊರು ಅಪರೂಪ. ಬಾಸೆಲ್ ಮಿಶನ್ನಿನ ಆಗಸ್ಟ್ ಮ್ಯಾನರ್ ತುಳು ಪಾಡ್ದನಗಳನ್ನು ಕೂಡಿಹಾಕಿ 1886ರಲ್ಲಿ ಇಲ್ಲಿನ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ದೊಡ್ಡ ಕೆಲಸ. ಎಡಿಸನ್ನನ ಫೋನೋಗ್ರಾಫ್ 1877ರಲ್ಲೇ ಹುಟ್ಟಿತ್ತು, ಆದರೆ ಪಾಡ್ದನ ಹೇಳುವವರ ಬಾಯಿಯ ಬಳಿಗೆ ಅದು ಆಗ ಬರಲಿಲ್ಲ. ಹಾಗಾಗಿ ಶಬ್ದಗಳು ಉಳಿದವು. ಎಳೆದು ಹೇಳಿದ್ದೆಲ್ಲಿ, ಉಸಿರು ನಿಲ್ಲಿಸಿದ್ದೆಲ್ಲಿ, ತೆಂಬರೆಯ ಪೆಟ್ಟು ಬಿದ್ದದ್ದೆಲ್ಲಿ ಎಂಬುದು ಹೋಯಿತು.

ಸರಿಯಾಗಿ ನೂರು ವರ್ಷದ ನಂತರ ಇದೇ ಜಿಲ್ಲೆಯಲ್ಲಿ ನಡೆದ ಇನ್ನೊಂದು ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರು, ಸಿರಿ ಆರಾಧನೆಯಲ್ಲಿ ಮುಂದಾಳು. ಗದ್ದೆಯ ಕೆಲಸದ ಹೊತ್ತಿನಲ್ಲಿ ಕಿವಿಗೆ ಬಿದ್ದ ಪಾಡ್ದನಗಳನ್ನೇ ಬೆಳೆಸಿಕೊಂಡು ಬಂದವರು. ಮಂಗಳೂರು ವಿಶ್ವವಿದ್ಯಾನಿಲಯದ ಚಿನ್ನಪ್ಪ ಗೌಡರು 1985–86ರಲ್ಲಿ ಅವರಿಂದ ಸಿರಿಯ ಕಥೆಯನ್ನು ಹೇಳಿಸಿ ಕೈಯಲ್ಲಿ ಬರೆದುಕೊಂಡರು. ಸುಮಾರು ಎಂಟೂವರೆ ಸಾವಿರ ಸಾಲು. ನಂತರ 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ, ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಸೇರಿ ಅದೇ ನಾಯ್ಕರನ್ನು ಬರೆಯುವವರ ಕೈಗಾಗಿ ಕಾಯದೆ ಹಾಡುತ್ತಲೇ ಹೋಗುವಂತೆ ಕೇಳಿಕೊಂಡರು. ಯಂತ್ರ ಮುದ್ರಿಸಿಕೊಳ್ಳುತ್ತಾ ಹೋಯಿತು. ಹಲವು ದಿನಗಳ ಮೇಲೆ ಕಥೆ ಮುಗಿದಾಗ ಲೆಕ್ಕ ಹಾಕಿದರೆ 15,683 ಸಾಲು. ಗ್ರೀಕರ ಇಲಿಯಡ್ ಕಾವ್ಯ ಬಹುತೇಕ ಅಷ್ಟೇ ಉದ್ದ.

ಅದೇ ಮನುಷ್ಯ, ಅದೇ ಕಥೆ, ಐದಾರು ವರ್ಷದ ಅಂತರ, ಉದ್ದ ಹೆಚ್ಚುಕಡಿಮೆ ಇಮ್ಮಡಿ. ಇದು ಹೇಗೆ? ಬರೆಯುವವರ ಕೈಯ ವೇಗಕ್ಕೆ ತಗ್ಗಿ ಹೇಳುವಾಗ ರಾಗ ಕಳಚಿಹೋಗುತ್ತದೆ. ರಾಗ ಕಳಚಿದರೆ ಅದರ ಜೊತೆ ಬರುವ ಮರುಕಳಿಕೆ, ವರ್ಣನೆ, ಒಂದು ಸಾಲಿಗೆ ಇನ್ನೊಂದು ಸಾಲು ಹೆಣೆದುಕೊಳ್ಳುವ ರೀತಿ ಎಲ್ಲ ಸೊರಗಿ ಕಥೆಯ ಎಲುಬು ಮಾತ್ರ ಮಿಕ್ಕುತ್ತದೆ. ಹಾಡುವಾಗ ರಾಗವೇ ಮುಂದಿನ ಸಾಲನ್ನು ಎಳೆದು ತರುತ್ತದೆ. 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದ ಸಿರಿ ಸಂಪುಟಗಳು ಇವತ್ತು ಪ್ರಪಂಚದ ಜಾನಪದ ತರಗತಿಗಳಲ್ಲಿ ಓದಲ್ಪಡುತ್ತವೆ. ಆ ಪುಟಗಳಿಗೆಲ್ಲ ಮೂಲ ಆ ಡಿಸೆಂಬರಿನ ಮುದ್ರಣ.

ಮೊದಮೊದಲ ಯಂತ್ರಗಳಿಗೆ ಇಷ್ಟು ತಾಳ್ಮೆ ಇರಲಿಲ್ಲ. ಕಲ್ಕತ್ತೆಯಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ ಕಾಲದ ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದಷ್ಟು. ರಾತ್ರಿಯಿಡೀ ನಡೆಯುವ ಆಟ, ದಿನಗಟ್ಟಲೆ ಸಾಗುವ ಪಾಡ್ದನ ಅದರಲ್ಲಿ ಹೇಗೆ ಹಿಡಿದೀತು? ಭಾರತದ ಭಾಷಾ ಸಮೀಕ್ಷೆ ನಡೆಸಿದ ಗ್ರಿಯರ್ಸನ್ ಸಾಹೇಬರ ಪ್ರೇರಣೆಯಿಂದ 1913ರಿಂದ 1929ರ ತನಕ ಪ್ರಾಂತ ಪ್ರಾಂತಗಳಲ್ಲಿ ಮಾತಿನ ಮಾದರಿಗಳನ್ನು ಇಂಥ ತಟ್ಟೆಗಳಿಗೆ ಏರಿಸಿದರು. ಮದ್ರಾಸು ಪ್ರಾಂತದ ಭಾಷೆಗಳಿಗೂ ಆ ಯೋಗ ಬಂತು. ದಕ್ಷಿಣ ಕನ್ನಡ ಆಗ ಆ ಪ್ರಾಂತದ ಜಿಲ್ಲೆ. ತಟ್ಟೆಗಳು ಹಡಗು ಹತ್ತಿ ಲಂಡನ್ನಿಗೆ ಹೋಗಿ ಕಪಾಟಿನಲ್ಲಿ ಕುಳಿತವು. ಅವುಗಳನ್ನು ಗಣಕಕ್ಕೆ ಏರಿಸಿ ಷಿಕಾಗೋ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಇಟ್ಟ ಮೇಲೆಯೇ, ಮಾತನಾಡಿದವರ ಮೊಮ್ಮಕ್ಕಳ ಕಾಲಕ್ಕೆ, ಆ ದನಿಗಳು ಮನೆಯಲ್ಲಿ ಕುಳಿತು ಕೇಳುವಂತಾದವು.

ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಇಲ್ಲಿನವರ ರೇಡಿಯೋ ಮುಳ್ಳು ಧಾರವಾಡ, ಬೆಂಗಳೂರು, ಭದ್ರಾವತಿಗಳ ನಡುವೆ ಓಲಾಡುತ್ತಿತ್ತು. ಕದ್ರಿಯ ಕೇಂದ್ರ ಬಂದ ಮೇಲೆ ತುಳು, ಕೊಂಕಣಿಗಳೂ ಗಾಳಿಯಲ್ಲಿ ಕೇಳಿಸಿದವು. ಆದರೆ ರೇಡಿಯೋದಲ್ಲಿ ಒಮ್ಮೆ ಬಂದದ್ದೆಲ್ಲ ಎಲ್ಲೋ ಭದ್ರವಾಗಿ ಇದ್ದೇ ಇರುತ್ತದೆ ಎಂದು ಕೇಳುಗರು ತಿಳಿಯುವುದು ತಪ್ಪು. ಟೇಪು ದುಬಾರಿ ವಸ್ತುವಾಗಿದ್ದ ಕಾಲದಲ್ಲಿ ಪ್ರಪಂಚದ ಯಾವ ಪ್ರಸಾರ ಸಂಸ್ಥೆಯೂ ಎಲ್ಲವನ್ನೂ ಇಟ್ಟುಕೊಳ್ಳಲಿಲ್ಲ. ಅಳಿಸಿ ಮತ್ತೆ ಬಳಸುವುದು ವಾಡಿಕೆ. ಬಿಬಿಸಿಯಂಥ ಸಂಸ್ಥೆಯೇ ತನ್ನ ಜನಪ್ರಿಯ ಟೆಲಿವಿಷನ್ ಧಾರಾವಾಹಿಗಳ ಕಂತುಗಳನ್ನು ಹೀಗೆ ಕಳೆದುಕೊಂಡು ಆಮೇಲೆ ಪ್ರೇಕ್ಷಕರ ಬಳಿ ಬೇಡಿತು. ಅಂದು ರೇಡಿಯೋದ ಪಕ್ಕ ಟೂ-ಇನ್-ವನ್ ಇಟ್ಟುಕೊಂಡು ಮುದ್ರಿಸಿಕೊಂಡವರ ಮನೆಯ ಸುರುಳಿಯೇ ಏಕೈಕ ಪ್ರತಿಯಾಗಿರುವುದು ಅಸಾಧ್ಯವೇನಲ್ಲ.

ಆ ಸುರುಳಿ ಎಷ್ಟು ದಿನ ಬಾಳುತ್ತದೆ? ಕ್ಯಾಸೆಟ್ಟಿನ ಪಟ್ಟಿ ಎಂದರೆ ತೆಳುವಾದ ಪ್ಲಾಸ್ಟಿಕ್ಕಿನ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ಪುಡಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತಿರ ಹತ್ತಿರ 86 ಮೀಟರ್ ಪಟ್ಟಿ. ತಾಳಮದ್ದಳೆಯವರಿಗೆ ಮೆಚ್ಚಿನದು 90 ನಿಮಿಷದ್ದು, ಮಗುಚುವ ಕೆಲಸ ಕಡಿಮೆಯಲ್ಲ! ಆದರೆ ಅಷ್ಟೇ ಡಬ್ಬಿಯಲ್ಲಿ ಹೆಚ್ಚು ಉದ್ದ ಹಿಡಿಸಬೇಕಾದರೆ ಪಟ್ಟಿ ಇನ್ನೂ ತೆಳುವಾಗಬೇಕು. ತೆಳು ಪಟ್ಟಿ ಬೇಗ ಜಗ್ಗುತ್ತದೆ, ಸಿಕ್ಕಿಕೊಳ್ಳುತ್ತದೆ, ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಮೆಲ್ಲನೆ ಅಚ್ಚಾಗುತ್ತದೆ. ಭಾಗವತರು ಪದ ಎತ್ತುವ ಮುಂಚೆಯೇ ಅವರ ದನಿ ದೂರದಿಂದ ಬಂದಂತೆ ಪಿಸುಗುಟ್ಟಿದರೆ ಅದು ದೆವ್ವವಲ್ಲ, ಇದೇ.

ಇನ್ನು ಮಂಗಳೂರಿನ ಹವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ, ಹಪ್ಪಳದ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಊರು ಇದು. ಹಪ್ಪಳಕ್ಕೆ ತೋರಿದ ಕಾಳಜಿಯನ್ನು ಸುರುಳಿಗೆ ತೋರಿದವರು ಕಡಿಮೆ. ತೇವಕ್ಕೆ ಪಟ್ಟಿಯ ಅಂಚಿನಲ್ಲಿ ಬಿಳಿ ಬೂಸ್ಟು ಬೆಳೆಯುತ್ತದೆ. ಆಕಾಶವಾಣಿ, ಸಂಗೀತ ಸಭೆಗಳಲ್ಲಿ ಬಳಕೆಯಲ್ಲಿದ್ದ ದೊಡ್ಡ ಸ್ಪೂಲ್ ಟೇಪುಗಳ ಕೆಲವು ತಳಿಗಳಲ್ಲಿ ಅಂಟೇ ನೀರು ಹೀರಿ ಜಿಗುಟಾಗುತ್ತದೆ. ಯಂತ್ರದಲ್ಲಿ ಓಡಿಸಿದರೆ ಕೀರಲು ಶಬ್ದ ಮಾಡುತ್ತಾ ಆಕ್ಸೈಡನ್ನು ಬಿಟ್ಟುಕೊಡುತ್ತದೆ. ಅಂಥವನ್ನು ತಜ್ಞರು 50 ಡಿಗ್ರಿಯ ಆಸುಪಾಸಿನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಮತ್ತೆ ಜಿಗುಟಾಗುವ ಮೊದಲು ಒಮ್ಮೆ ಓಡಿಸಿ ಪ್ರತಿ ತೆಗೆದುಕೊಳ್ಳುತ್ತಾರೆ. ಇದು ಪ್ರಯೋಗಾಲಯದ ಕೆಲಸ, ಅಡುಗೆಮನೆಯ ಓವನ್ನಿನದ್ದಲ್ಲ. ಅದಕ್ಕಿಂತ ಹಳೆಯ ಅಸಿಟೇಟ್ ಟೇಪಿನ ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ಬಂದರೆ ಅದು ಕೊಳೆಯಲು ಶುರುವಾಗಿದೆ ಎಂದರ್ಥ.

ಟೇಪಿಗಿಂತ ಮೊದಲು ಸಾಯುವುದು ಯಂತ್ರ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರ ಒಂದು ಎಚ್ಚರಿಕೆ ಕೊಟ್ಟಿತ್ತು: 2025ರ ಹೊತ್ತಿಗೆ ಗಣಕಕ್ಕೆ ಏರದ ಟೇಪುಗಳು ಬಹುಮಟ್ಟಿಗೆ ಹೋದಂತೆಯೇ, ಏಕೆಂದರೆ ಓಡಿಸುವ ಯಂತ್ರ, ಅದರ ಬಿಡಿಭಾಗ, ಅದನ್ನು ರಿಪೇರಿ ಮಾಡುವ ಕೈ ಮೂರೂ ಸಿಗುವುದಿಲ್ಲ. ಆ ಗಡುವು ಕಳೆದಿದೆ. ಮಂಗಳೂರಿನ ಹಂಪನಕಟ್ಟೆಯಲ್ಲೋ ಕಾರ್‌ಸ್ಟ್ರೀಟಿನಲ್ಲೋ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟ್ ಕೇಳಿ ನೋಡಿದವರಿಗೆ ಆಸ್ಟ್ರೇಲಿಯಾದವರು ಹೇಳಿದ್ದು ಉತ್ಪ್ರೇಕ್ಷೆ ಎನಿಸಲಾರದು.

ಸುರುಳಿಯಿಂದ ಗಣಕಕ್ಕೆ ದನಿ ದಾಟಿಸುವ ಕೆಲಸ ನೋಡಲು ಸುಲಭ: ಒಂದು ಒಳ್ಳೆಯ ಡೆಕ್ಕು, ಒಂದು ತಂತಿ, ಒಂದು ಗಣಕ. ಆದರೆ ಅನುಭವಿಗಳು ಗುಂಡಿ ಒತ್ತುವ ಮುಂಚೆ ಮಾಡುವ ಕೆಲಸಗಳೇ ಹೆಚ್ಚು. ಬೂಸ್ಟು ಹಿಡಿದದ್ದನ್ನು ಬೇರೆ ಇಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ತೆರೆದ ಜಾಗದಲ್ಲಿ ಒಣಬಟ್ಟೆಯಿಂದ ಒರೆಸಬೇಕು. ಬಿಸಿಲಿಗೆ ಇಡಬಾರದು. ಪಟ್ಟಿಯನ್ನು ತಲೆಗೆ ಒತ್ತಿಹಿಡಿಯುವ ಸಣ್ಣ ಸ್ಪಂಜಿನ ತುಂಡು ಉದುರಿಹೋಗಿದ್ದರೆ ದನಿ ಮಸುಕಾಗುತ್ತದೆ. ಐದು ತಿರುಪಿನ ಇನ್ನೊಂದು ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಪಟ್ಟಿಯನ್ನು ವರ್ಗಾಯಿಸಿದರೆ ಅದಕ್ಕೆ ಮರುಜನ್ಮ. ಅರಗಿನ ತಟ್ಟೆಗಾದರೆ ಶುದ್ಧ ನೀರು ಸಾಕು. ಅವಸರದಲ್ಲಿ ಸ್ಪಿರಿಟ್ ಹಾಕಿ ಒರೆಸಿದರೆ ಅರಗೇ ಕರಗಿ ಹಾಡು ಬಟ್ಟೆಗೆ ಬರುತ್ತದೆ!

ಆಮೇಲೆ ತಲೆಯ ಕೋನ. ಮುದ್ರಿಸಿದ ಯಂತ್ರದ ತಲೆ ಎಷ್ಟು ಓರೆಯಾಗಿತ್ತೋ ಓದುವ ಯಂತ್ರದ ತಲೆಯೂ ಅಷ್ಟೇ ಓರೆಯಾಗಬೇಕು, ಇಲ್ಲದಿದ್ದರೆ ಚಕ್ರತಾಳದ ಝೇಂಕಾರ ಹಳಸಿದ ತಗಡಿನ ಸದ್ದಿನಂತೆ ಕೇಳುತ್ತದೆ. ಒಂದು ಸಣ್ಣ ತಿರುಪನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಾ ಕಿವಿಯಲ್ಲೇ ಹದ ಹಿಡಿಯಬೇಕು. ಪ್ರತಿ ಸುರುಳಿಗೂ ಹೊಸದಾಗಿ.

ಎಲ್ಲಕ್ಕಿಂತ ಸ್ವಾರಸ್ಯದ್ದು ವೇಗದ ಪ್ರಶ್ನೆ. ಚಾವಡಿಯ ಮುದ್ರಣಗಳು ಎಷ್ಟೋ ಸಲ ಬ್ಯಾಟರಿ ಸೆಲ್ಲಿನ ಮೇಲೆ ನಡೆದವು. ಬೆಳಗಿನ ಜಾವಕ್ಕೆ ಸೆಲ್ಲು ಸೊರಗಿ ಯಂತ್ರ ನಿಧಾನವಾಗಿ ಓಡಿರುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ. ನೂರಕ್ಕೆ ಆರರಷ್ಟು ವ್ಯತ್ಯಾಸವಾದರೂ ಶ್ರುತಿ ಅರ್ಧ ಮನೆ ಮೇಲಕ್ಕೆ ಹೋದಂತೆ. ಇಂಥ ಸುರುಳಿ ಕೇಳಿದ ಹೊಸ ತಲೆಮಾರಿನ ಭಾಗವತನೊಬ್ಬ ‘ಹಿಂದಿನವರು ಇಷ್ಟು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು’ ಎಂದು ನಂಬಿ ಗಂಟಲು ಹರಿದುಕೊಂಡರೆ ತಪ್ಪು ಸೆಲ್ಲಿನದು. ಹಾಗಾದರೆ ನಿಜವಾದ ವೇಗವನ್ನು ಕಂಡುಹಿಡಿಯುವುದು ಹೇಗೆ? ಭೌತಶಾಸ್ತ್ರ ಓದುವ ಮಕ್ಕಳಿಗೆ ಇಲ್ಲೊಂದು ಚಂದದ ಲೆಕ್ಕವಿದೆ. ಆ ಚಾವಡಿಯಲ್ಲಿ ಮೈಕ್ ಸೆಟ್ ಇದ್ದಿದ್ದರೆ ಅದು ಕರೆಂಟಿನಲ್ಲಿ ಓಡುತ್ತಿತ್ತು, ಅದರ ಗುಂಯ್‌ಗುಟ್ಟುವಿಕೆ ಸುರುಳಿಯಲ್ಲಿ ಸಿಕ್ಕಿಬಿದ್ದಿದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ. ಗಣಕದ ಪರದೆಯಲ್ಲಿ ಅದೇ ಗುಂಯ್‌ಕಾರ 53 ಎಂದು ತೋರಿಸಿದರೆ, ದನಿ ಶೇಕಡಾ 6ರಷ್ಟು ವೇಗವಾಗಿದೆ ಎಂದು ಖಚಿತ. ಅಂದು ಎಲ್ಲರೂ ಶಪಿಸಿದ ಮೈಕಿನ ಗುಂಯ್‌ಕಾರ ಇಂದು ಸಾಕ್ಷಿ ಹೇಳುತ್ತದೆ.

ವೇಗ ತಪ್ಪಿದರೆ ಮನುಷ್ಯನೇ ಬದಲಾಗಿಬಿಡುತ್ತಾನೆ ಎಂಬುದಕ್ಕೆ ಪ್ಯಾರಿಸ್ಸಿನ ಒಂದು ಉದಾಹರಣೆ ಇದೆ. ಎಡಿಸನ್ನನಿಗಿಂತ ಮುಂಚೆ, 1860ರಲ್ಲಿ, ಸ್ಕಾಟ್ ಎಂಬ ಫ್ರೆಂಚ್ ಸಂಶೋಧಕ ಮಸಿ ಬಳಿದ ಕಾಗದದ ಮೇಲೆ ಧ್ವನಿಯ ಅಲೆಗಳನ್ನು ಗೀಚಿಸಿದ್ದ. ಮರಳಿ ಕೇಳುವ ಉದ್ದೇಶ ಅವನಿಗೆ ಇರಲೇ ಇಲ್ಲ, ನೋಡಿದರೆ ಸಾಕಿತ್ತು. 2008ರಲ್ಲಿ ಅಮೆರಿಕದ ವಿದ್ವಾಂಸರು ಆ ಗೀಚುಗಳನ್ನು ಗಣಕದ ಮೂಲಕ ನುಡಿಸಿದಾಗ ಹುಡುಗಿಯೊಬ್ಬಳು ಹಾಡಿದಂತೆ ಕೇಳಿಸಿತು, ಪತ್ರಿಕೆಗಳು ಸಂಭ್ರಮಿಸಿದವು. ಮರುವರ್ಷ ಅವರೇ ಲೆಕ್ಕ ತಿದ್ದಿಕೊಂಡರು. ವೇಗ ಇಮ್ಮಡಿಯಾಗಿತ್ತು, ಅರ್ಧಕ್ಕೆ ಇಳಿಸಿದರೆ ಅದು ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ.

ದನಿ ಗಣಕಕ್ಕೆ ಬಂದ ಮೇಲೆ ಶುರುವಾಗುವುದು ‘ಸ್ವಚ್ಛ’ಗೊಳಿಸುವ ಆಸೆ. ಇಲ್ಲಿ ಸ್ವಲ್ಪ ತಡೆ ಬೇಕು. ಗದ್ದಲ ತೆಗೆಯುವ ತಂತ್ರಾಂಶಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದೂ ಚಿಟಿಕೆಯಂತೆ ಬಂದುಹೋಗುವ ಸದ್ದನ್ನು ಗೀರು ಎಂದೂ ತಿಳಿಯುತ್ತವೆ. ತಾಳಮದ್ದಳೆಯಲ್ಲಿ ಒಂದೇ ಸಮನೆ ಬರುವುದು ಶ್ರುತಿ. ಚಿಟಿಕೆಯಂತೆ ಬರುವುದು ಮದ್ದಳೆಯ ಪೆಟ್ಟು. ಕೈ ಬಿಗಿ ಮಾಡಿದರೆ ಶ್ರುತಿ ತೆಳುವಾಗಿ, ಚೆಂಡೆಯ ಚುರುಕು ಮೊಂಡಾಗಿ, ಅರ್ಥಧಾರಿ ನೀರಿನೊಳಗಿಂದ ಮಾತನಾಡಿದಂತೆ ಆಗುತ್ತದೆ. ಇನ್ನು ಹಿನ್ನೆಲೆಯಲ್ಲಿ ಮಂಗಳೂರು ಹಂಚಿನ ಮೇಲೆ ಸುರಿಯುವ ಮಳೆ. ತಂತ್ರಾಂಶಕ್ಕೆ ಅದೂ ಕಸ. ಆದರೆ ತಾರೀಕಿಲ್ಲದ ಆ ಸುರುಳಿಯಲ್ಲಿ ಇದು ಮಳೆಗಾಲದ, ಮನೆಯೊಳಗಿನ ಕೂಟ ಎಂದು ಹೇಳುವ ಒಂದೇ ಒಂದು ಗುರುತು ಆ ಮಳೆ. ಒಳ್ಳೆಯ ಭಂಡಾರಗಳು ಆದ್ದರಿಂದ ಎರಡು ಪ್ರತಿ ಇಡುತ್ತವೆ. ಒಂದು, ಸುರುಳಿಯಲ್ಲಿ ಇದ್ದದ್ದು ಇದ್ದಂತೆ, ಮಳೆ ಕೆಮ್ಮು ಸಮೇತ. ಇನ್ನೊಂದು, ಕೇಳಲು ಹಿತವಾಗಿ ತಿದ್ದಿದ್ದು. ಮೊದಲನೆಯದನ್ನು ಯಾರೂ ಮುಟ್ಟುವುದಿಲ್ಲ.

ಇದ್ದದ್ದು ಇದ್ದಂತೆ ಇಡುವ ಪ್ರತಿಗೆ ಧ್ವನಿ ಭಂಡಾರಗಳ ಅಂತಾರಾಷ್ಟ್ರೀಯ ಸಂಘಟನೆ ಒಪ್ಪಿಕೊಂಡಿರುವ ಅಳತೆ ಇದೆ: ಸೆಕೆಂಡಿಗೆ 96,000 ಬಾರಿ, ಒಂದೊಂದು ಬಾರಿಗೂ 24 ಬಿಟ್‌ಗಳಲ್ಲಿ ಧ್ವನಿಯನ್ನು ಅಳೆದು, ವೇವ್ ಕಡತವಾಗಿ ಉಳಿಸುವುದು. ಗಂಟೆಗೆ ಸುಮಾರು 2 ಗಿಗಾಬೈಟ್. ಮೊಬೈಲಿನಲ್ಲಿ ಹಂಚಲು ಎಂಪಿ3 ಸಾಕು, ಆದರೆ ಅದು ಕಿವಿಗೆ ಕೇಳಿಸಲಾರದೆಂದು ತನಗೆ ತೋರಿದ್ದನ್ನೆಲ್ಲ ಕಿತ್ತೆಸೆದು ಹಗುರಾಗುವ ಕಡತ. ಎಸೆದದ್ದು ಮತ್ತೆ ಬರುವುದಿಲ್ಲ. ಮೊದಲು ಎಂಪಿ3 ಮಾಡಿಕೊಂಡು ಸುರುಳಿಯನ್ನು ಗುಜರಿಗೆ ಹಾಕಿದ ಉತ್ಸಾಹಿಗಳು ಆಮೇಲೆ ಕೈಹಿಸುಕಿಕೊಳ್ಳುತ್ತಾರೆ. ಅಟ್ಟದಲ್ಲಿ ನೂರು ಗಂಟೆಯ ಸುರುಳಿ ಇದ್ದರೂ ಬೇಕಾದದ್ದು 200 ಗಿಗಾಬೈಟ್. ಅಂಗೈಯಗಲದ ಡಿಸ್ಕಿಗೆ ಅದು ಭಾರವೇ ಅಲ್ಲ.

ಒಂದು ಡಿಸ್ಕು ಸಾಲದು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ತಿರುಗಿ ಮಾಡಿದ ಮುದ್ರಣಗಳು ಸೇರಿದಂತೆ ನಮ್ಮ ನಾಡಿನ ಎಷ್ಟೋ ದನಿಗಳಿಗೆ ಆಶ್ರಯ ಕೊಟ್ಟಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿ. 2023ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳು ಅದರ ಗಣಕ ವ್ಯವಸ್ಥೆಗೆ ನುಗ್ಗಿ ಹಣ ಕೇಳಿದರು. ಗ್ರಂಥಾಲಯ ಕೊಡಲಿಲ್ಲ. ಧ್ವನಿ ವಿಭಾಗದ ಅಂತರ್ಜಾಲ ಸೇವೆಯೂ ಸೇರಿ ಹಲವು ಸೇವೆಗಳು ತಿಂಗಳುಗಟ್ಟಲೆ ಮೌನವಾದವು. ಬಾಕೆಯ ಮುದ್ರಣಗಳ ಪ್ರತಿಗಳು ನಮ್ಮ ದೇಶದಲ್ಲೂ ಇವೆ. 1982ರಲ್ಲಿ ಆರಂಭವಾದ, ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಭಂಡಾರ ಹೊರದೇಶಗಳಿಗೆ ಹೋದ ಮುದ್ರಣಗಳ ಪ್ರತಿಗಳನ್ನು ಮರಳಿ ತರುವುದನ್ನೇ ಒಂದು ಕೆಲಸವಾಗಿ ಮಾಡಿಕೊಂಡಿದೆ. ಹತ್ತಿರದಲ್ಲೇ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು 1980ರ ದಶಕದಲ್ಲಿ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಯಕ್ಷಗಾನ, ಭೂತಾರಾಧನೆ, ಪಾಡ್ದನಗಳನ್ನು ಯಂತ್ರಕ್ಕೆ ಹಿಡಿದಿಡುವುದನ್ನು ಕಾಲೇಜಿನ ಕೆಲಸವೆಂದು ಬಗೆದ ಮೊದಲಿಗರಲ್ಲಿ ಒಂದು.

ಗ್ರಂಥಾಲಯದಲ್ಲಿ ಇಟ್ಟ ಮಾತ್ರಕ್ಕೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೇಳಬಹುದೇ? ಕಾನೂನು ಒಂದು ಉತ್ತರ ಕೊಡುತ್ತದೆ: ಭಾರತದಲ್ಲಿ ಪ್ರಕಟಿತ ಧ್ವನಿಮುದ್ರಣದ ಹಕ್ಕು 60 ವರ್ಷ. ಕಲಾವಿದನಿಗೂ ತನ್ನ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕಿದೆ. ಕಾನೂನಿಗೆ ಸಿಗದ ಪ್ರಶ್ನೆಗಳೂ ಇವೆ. ಕವತ್ತಾರಿನಂಥ ಕಡೆ ಸಿರಿ ಜಾತ್ರೆಯಲ್ಲಿ ಸಾವಿರಾರು ಹೆಂಗಸರು ನೆರೆಯುವುದು ಕಥೆ ಕೇಳುವ ಹವ್ಯಾಸಕ್ಕಲ್ಲ. ಆ ಹಾಡಿಗೆ ಮೈಮೇಲೆ ಬರುವುದುಂಟು. ಹೊತ್ತುಗೊತ್ತಿಲ್ಲದೆ ಅದನ್ನು ಮೊಬೈಲಿನ ರಿಂಗ್‌ಟೋನ್ ಮಾಡಿಕೊಳ್ಳುವುದು ಹಾಡಿದವರಿಗೆ ಒಪ್ಪಿಗೆಯೇ ಎಂದು ಕೇಳಬೇಕಾದದ್ದು ಹಾಡಿದವರನ್ನು, ಅವರಿಲ್ಲದಿದ್ದರೆ ಅವರ ಮನೆಯವರನ್ನು. ಇಂಥವನ್ನು ಭಂಡಾರಗಳು ಅಭ್ಯಾಸಿಗಳಿಗೆ ಮಾತ್ರ ತೆರೆದಿಡುವುದುಂಟು. ಅದನ್ನು ಜಿಪುಣತನ ಎನ್ನಲಾಗದು.

ಇಷ್ಟೆಲ್ಲ ಆದ ಮೇಲೂ ಒಂದು ಸುರುಳಿ ಮೂಕವಾಗಿಯೇ ಉಳಿಯಬಹುದು. ಗಣಕದಲ್ಲಿ ‘ಟ್ರ್ಯಾಕ್ 07’ ಎಂಬ ಹೆಸರಿನ ಕಡತ, ಅದರೊಳಗೆ ಅದ್ಭುತವಾದ ಕರ್ಣ. ಯಾರೆಂದು ಗೊತ್ತಿಲ್ಲ. ಎಲ್ಲಿ, ಯಾವ ವರ್ಷ, ಎದುರಿನ ಕೃಷ್ಣ ಯಾರು, ಮದ್ದಳೆ ಯಾರದು? ಗ್ರಂಥಾಲಯದಲ್ಲಿ ಹುಡುಕುವವನು ಹೆಸರು ಬೆರಳಚ್ಚಿಸಿ ಹುಡುಕುತ್ತಾನೆ. ಹೆಸರಿಲ್ಲದ ಕಡತ ಇದ್ದೂ ಇಲ್ಲದಂತೆ. ರಬ್ಬರ್ ಬೆಲ್ಟಾದರೂ ಹೇಗೋ ಸಿಕ್ಕೀತು. ದನಿ ಕೇಳಿದೊಡನೆ ‘ಇದು ಇಂಥವರು’ ಎನ್ನಬಲ್ಲವರಿಗೆ ಬಿಡಿಭಾಗ ಎಲ್ಲಿಂದ ತರುವುದು? ಆ ರಾತ್ರಿ ಚಾವಡಿಯಲ್ಲಿ ಕುಳಿತಿದ್ದವರಿಗೆ ಈಗ ಎಪ್ಪತ್ತು, ಎಂಬತ್ತು. ಸುರುಳಿಗಿಂತ ಅವರ ನೆನಪು ಬೇಗ ಮಾಸುತ್ತಿದೆ.

ಈ ಭಾಗದ ಕೆಲಸಕ್ಕೆ ಪ್ರಯೋಗಾಲಯ ಬೇಡ, ಅನುದಾನ ಬೇಡ. ಪಿಯುಸಿ ಓದುವ ಹುಡುಗಿಯೂ ಮಾಡಬಹುದು. ಪಾಲಕರು ಒಂದು ಆದಿತ್ಯವಾರ ಬಿಟ್ಟುಕೊಟ್ಟರೆ ಆಯಿತು. ಮೊದಲು ಸುರುಳಿಗಳನ್ನು ಅಟ್ಟದಿಂದ ಇಳಿಸಿ, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಚೀಟಿಯ ಮೇಲೆ ಏನು ಉಳಿದಿದೆಯೋ ಅದನ್ನು ತಿದ್ದದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಿಂಬದಿಯ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿದುಬಿಟ್ಟರೆ ಯಾರೂ ಅದರ ಮೇಲೆ ಸಿನಿಮಾ ಹಾಡು ತುಂಬಿಸಲಾರರು. ಓಡುವ ಯಂತ್ರ ಸಿಕ್ಕಿ ಪ್ರತಿ ತೆಗೆದ ಮೇಲೆ ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರ ಬಳಿ, ಒಂದು ಅದಕ್ಕೆ ಒಪ್ಪುವ ಸಂಸ್ಥೆಯಲ್ಲಿ.

ಆಮೇಲೆ ಅಜ್ಜನ ಎದುರು ಕುಳಿತು ಅದನ್ನು ಕೇಳಿಸುವುದು, ಪಕ್ಕದಲ್ಲಿ ಇನ್ನೊಂದು ಮೊಬೈಲಿನಲ್ಲಿ ಅಜ್ಜ ಹೇಳುವುದನ್ನು ಮುದ್ರಿಸಿಕೊಳ್ಳುವುದು. ಆ ಮುದ್ರಣದ ಮೊದಲ ಮಾತು ತಾರೀಕು, ಊರು, ಕುಳಿತವರ ಹೆಸರು ಆಗಿರಲಿ. ಇಲ್ಲದಿದ್ದರೆ ಇನ್ನು ನಲವತ್ತು ವರ್ಷಕ್ಕೆ ಅದೇ ಒಂದು ‘ಟ್ರ್ಯಾಕ್ 07’ ಆಗಿರುತ್ತದೆ. ಅಜ್ಜ ಮೊದಲು ಮಳೆಯ ಸದ್ದು ಕೇಳಿ ಮನೆ ಯಾರದೆಂದು ಹೇಳುತ್ತಾರೆ. ಭಾಗವತರ ಹೆಸರು ಎರಡನೇ ಪದಕ್ಕೆ ಸಿಗುತ್ತದೆ. ‘ಮದ್ದಳೆ ಯಾರದ್ದು ಅಂತ ಗೊತ್ತುಂಟು ಮಗಾ, ಹೆಸರು ನಾಲಗೆ ತುದಿಯಲ್ಲಿ ಉಂಟು’ ಎಂದು ಅವರು ತಡವರಿಸಿದಾಗ ಮೊಬೈಲು ಬಂದ್ ಮಾಡಬಾರದು. ಅಂಥ ಹೆಸರುಗಳು ಚಹಾ ಬಂದ ಮೇಲೆಯೇ ನೆನಪಾಗುವುದು.